ಗೂಡ್ಸು

ಅರಸೀಕೆರೆ. ಎರಡನೇ ಪೂಜೆ ಮುಗಿದ ಮೇಲೆ
ಧರ್ಮೋಪದೇಶದ ಕ್ಲಾಸು ನನ್ನದು.
ಹದಿನಾಲ್ಕು ಮಕ್ಕಳು, ಎರಡು ಬೆಂಚು, ಒಂದು ಚಾಪೆ,
ಕಿಟಕಿಯಾಚೆ ಹಳಿ.
ಮೇ ತಿಂಗಳಲ್ಲಿ ಇವರ ಮೊದಲ ಪರಮಪ್ರಸಾದ;
ಅದಕ್ಕೇ ತಾಲೀಮು:
ಕೈ ಜೋಡಿಸು, ಕಣ್ಣು ಮುಚ್ಚು, ನಾಲಿಗೆ ಚಾಚು.
ಒಬ್ಬೊಬ್ಬರಿಗೂ ಬಿಳಿಯ ಬಿಲ್ಲೆ ಇಡುತ್ತೇನೆ,
ಇನ್ನೂ ಮಂತ್ರ ಬೀಳದ ಬರೀ ಹಿಟ್ಟು.
ಕಚ್ಚಬೇಡಿ, ಕರಗಲಿ.

ಲೂರ್ದ್‌ಮೇರಿ ತಡವಾಗಿ ಬಂದಳು.
ಮೈತುಂಬಿದ ಹುಡುಗಿ. ನಿಧಾನ.
ಕಳೆದ ಕ್ರಿಸ್ಮಸ್ಸಿನ ಫ್ರಾಕು ಈಗಾಗಲೇ ಬಿಗಿ.
ಚಾಚಿದ ನಾಲಿಗೆಯನ್ನು ಒಳಗೆಳೆದುಕೊಂಡು ಶೌರಿ
"ಗೂಡ್ಸು ಬಂತು, ಗೇಟ್ ಹಾಕ್ರೋ!" ಅಂದ.
ಹನ್ನೆರಡು ಬಾಯಿ ಒಟ್ಟಿಗೆ ಕೂ ಎಂದವು.
ಆ ಮಾತು ಅದೆಷ್ಟು ಸರಿಯಾಗಿ ಕೂತಿತೆಂದರೆ, ಸ್ವಾಮೀ,
ನಾನೂ ನಕ್ಕೆ.
ಕೈಯಲ್ಲಿ ಬಿಲ್ಲೆಯ ಡಬ್ಬಿ ಹಿಡಿದುಕೊಂಡೇ.

ಮುಂದಿನ ಭಾನುವಾರ ಬರಲಿಲ್ಲ. ಅದರಾಚೆಯದೂ.
ಶೌರಿಯನ್ನು ಮೊಣಕಾಲೂರಿಸಿದೆ,
"ಇನ್ನು ಅನ್ನುವುದಿಲ್ಲ" ಎಂದು ಐವತ್ತು ಸಲ ಬರೆಸಿದೆ.
ಹಾಳೆ ತುಂಬಿತು, ಅಷ್ಟೇ.
ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದ:
"ನೀವೂ ನಕ್ರಲ್ಲ ಟೀಚರ್?"

ಪಾಪನಿವೇದನೆಯ ಜಾಲರಿಗೆ ಬಾಯಿಟ್ಟು ಹೇಳಿದೆ.
ಇನ್ನಾಸಪ್ಪ ಫಾದರ್ ಕೆಮ್ಮಿದರು, ಸುಮ್ಮನಾದರು.
ಐದು ಜಪಮಾಲೆ ಆದೀತು ಎಂದುಕೊಂಡಿದ್ದೆ.
"ಆ ಮನೆಗೆ ಹೋಗಮ್ಮ. ಉಪದೇಶ ಒಯ್ಯಬೇಡ.
ಕೊಟ್ಟಿದ್ದು ತಿಂದು ಬಾ."

ರೈಲ್ವೆ ಕ್ವಾರ್ಟರ್ಸು, ಕೊನೆಯ ಸಾಲು.
ಅಪ್ಪ ಡ್ಯೂಟಿಯಲ್ಲಿದ್ದ,
ಗೂಡ್ಸಿಗೆ ಹಸಿರು ಬಾವುಟ ಹಿಡಿಯುವ ಕೆಲಸ.
ಜೋಜಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು.
"ತಪಸ್ಸುಕಾಲ ಮುಗಿದು ಪಾಸ್ಕವೂ ಆಯ್ತು,
ಇವಳ ಉಪವಾಸ ಮಾತ್ರ ಮುಗೀತಿಲ್ಲ ಟೀಚರ್.
ಯಾವ ಹರಕೆಯೋ, ಬಾಯೇ ಬಿಡಲ್ಲ."
ಮುದ್ದೆ ಗಂಟಲಲ್ಲಿ ನಿಂತಿತು.
ಪರದೆಯ ಕಡೆ ತಿರುಗಿ ಹೇಳಿದೆ:
"ಅವತ್ತು ನಾನು ನಕ್ಕೆ. ತಪ್ಪು."
ಪರದೆ ಅಲುಗಲಿಲ್ಲ.
ಕೈ ತೊಳೆದು ಏಳುವ ಹೊತ್ತಿಗೆ ಒಳಗಿನಿಂದ ಬಂತು:
"ಗೊತ್ತು. ನೋಡ್ದೆ."

ತಾಲೀಮಿನ ಕೊನೆಯ ದಿನ ಬಂದಳು,
ಬಾಗಿಲ ಪಕ್ಕದಲ್ಲೇ ಕೂತಳು.
ಆಗಲೇ ಬರಬೇಕೇ ಅದು, ಅದಿರು ಹೊತ್ತು,
ಗೋಡೆಯ ಶಿಲುಬೆಯನ್ನೂ ನಡುಗಿಸುತ್ತ!
ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಶೌರಿ ತನ್ನ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ.
ಲೂರ್ದ್‌ಮೇರಿಯೊಬ್ಬಳೇ ಕಿಟಕಿಗೆ ಮುಖ ಮಾಡಿ
ತುಟಿಯಲ್ಲೇ ಎಣಿಸಿ
"ಐವತ್ತೆಂಟು" ಅಂದಳು.
ಬಹಳ ಹೊತ್ತಿನ ಮೇಲೆ, ಚಪ್ಪಲಿಗೆ ಹೇಳಿದ ಹಾಗೆ,
"ಐವತ್ತೊಂಬತ್ತು... ಗಾರ್ಡ್ ಡಬ್ಬಿ ಬಿಟ್ಟೆ, ಲೂರ್ದ್‌ಮೇರಿ."
ಅವಳು ನಗಲಿಲ್ಲ. ಲೆಕ್ಕ ಒಪ್ಪಿಕೊಂಡಳೋ ಏನೋ.

ಸರದಿ ಅವಳದು. ಎದುರು ನಿಂತಳು,
ಕೈ ಜೋಡಿಸಿದಳು, ಕಣ್ಣು ಮಾತ್ರ ಮುಚ್ಚಲಿಲ್ಲ.
ನಾಲಿಗೆ ಚಾಚು ಎನ್ನಲು
ನನಗೆ ನಾಲಿಗೆ ಏಳಲಿಲ್ಲ.
ಬಿಲ್ಲೆ ನನ್ನ ಬೆರಳ ಬೆವರಲ್ಲೇ
ಮೆತ್ತಗಾಗುತ್ತಿತ್ತು.