ಇಟ್ಟಂಗಿ ಕಾವು

ಬೀಜ ಕೊಟ್ಟಾಕಿ ಫಿಲೋಮಿನಾ ಬಾಯಿ,
ದಿನಾ ಆರು ಪಾವು ಒಯ್ಯಾಕಿ.
ಮಗಳಿದ್ದ ದೇಶದಿಂದ ತಂದಿದ್ದಳು,
ಹೆಬ್ಬೆರಳ ಉಗುರಿನಷ್ಟು ಅಗಲ, ನಾಕೇ ನಾಕು.
"ಅಲ್ಲಿ ಇದರ ಕಾಯಿ ಕ್ರೇನಿನಿಂದ ಎತ್ತತಾರ, ರಾಚಪ್ಪಾ."
ನಕ್ಕೆ. ಆ ರಾತ್ರಿ ನಿದ್ದಿ ಬರಲಿಲ್ಲ.

ಖಡಕಿಯಾಗ, ಬೇಕರಿ ಹಿಂದ, ರೈಲು ಹಳಿಯ ಈಚೆ
ಎರಡು ಹಾಸಿಗೆ ಹಾಸುವಷ್ಟು ನೆಲ.
ಒಂದು ಬೀಜ ಕೊಳೀತು, ಒಂದನ್ನ ಅಳಿಲು ಒಯ್ತು,
ಒಂದು ಹುಟ್ಟಿ, ಹಳದಿಯಾಗಿ, ಹೋತು.
ಉಳಿದದ್ದರ ಸೊಕ್ಕು ನೋಡಬೇಕಿತ್ತು:
ಬೆಳಿಗ್ಗೆ ಗಟಾರದ ಈ ದಂಡಿಗಿದ್ದ ಕುಡಿ
ಮರುದಿನ ಸಂಜೀಕ ಆ ದಂಡಿ ಹಿಡಿದಿತ್ತು.

ಹೆಣ್ಣು ಹೂವು ಅರಳೂದು ನಸುಕಿಗೆ,
ಜೇನುಹುಳ ಏಳೂದು ಬಿಸಿಲಿಗೆ.
ಕೈಗಂಟಿದ ಹಿಟ್ಟು ತೊಳಕೊಂಡು,
ಗಂಡು ಹೂವಿನ ಪಕಳಿ ಹರಿದು ತೆಗೆದು
ಧಾರೆ ನಾನೇ ಎರೆದೆ.
ಸಾಕ್ಷಿಗೆ ಮುಂಬೈ ಕಡೆ ಹೊಂಟ ಮೊದಲ ಗಾಡಿ.

ಹಿಡಿದದ್ದು ಮೂರು ಕಾಯಿ. ಎರಡು ಚಿವುಟಬೇಕು,
ಬಳ್ಳಿಯ ಜೀವವೆಲ್ಲ ಒಂದಕ್ಕೇ ಇಳೀಲಿ ಅಂತ.
ನೀಲವ್ವ ಬಿಡಲಿಲ್ಲ.
ಆಕಿ ತವರಿಗೆ ಹೋದ ದಿನ ಚಿವುಟಿದೆ.
ಬಂದು ಎಣಿಸಿದಳು. ಎರಡು ದಿನ
ರೊಟ್ಟಿ ತಾಟಿನೊಳಗ ಬಿತ್ತು, ಮಾತು ಬೀಳಲಿಲ್ಲ.

ನವೆಂಬರಿನಾಗ ಟೇಪು ಹಿಡಿದರ
ದಿನಕ್ಕ ಎರಡು ಬೆರಳು ಸುತ್ತಳತಿ.
ಡಿಸೆಂಬರ್ ಹತ್ತರ ರಾತ್ರಿ ಹೊಳಿ ಕಡೆಯಿಂದ ಗಾಳಿ ಬಂತು.
ಎಂಟು ಡಿಗ್ರಿ ಅಂತು ರೇಡಿಯೋ.
ಟೇಪು ಅಲ್ಲೇ ನಿಂತಿತು,
ಮರುದಿನ ಅಲ್ಲೇ, ನಾಕನೇ ದಿನವೂ ಅಲ್ಲೇ.
ಎಲಿ ಅಂಚು ಕಪ್ಪಾತು. ಕಾಯಿ ಮುಟ್ಟಿದರ
ಬಾವಿಯೊಳಗಿನ ಕಲ್ಲು ಮುಟ್ಟಿದಂಗ.

ಅವ್ವ ಹೊಲಿದ ಕೌದಿ ಹೊದಿಸಿದೆ,
ಆಕಿಯ ಮೂರು ಇಳಕಲ್ಲು, ಅಪ್ಪನ ಪಟಕದ ಚೂರು.
ನಾವಿಬ್ಬರೂ ಹಿಟ್ಟಿನ ಚೀಲ ಹೊದ್ದು ಮಲಗಿದಿವಿ.
ಆದರ ಕೌದಿ ಇದ್ದ ಕಾವು ಕಾಯತದ,
ಇಲ್ಲದ್ದನ್ನ ಎಲ್ಲಿಂದ ತಂದೀತು?

ಕಾವು ಇದ್ದದ್ದು ಬೆಹ್ರಾಮ್ ಸೇಠನ ಭಟ್ಟಿಯೊಳಗ.

ರಾತ್ರಿ ಎರಡಕ್ಕ, ಮೊದಲ ಘಾಣ ಏರೂಕ್ಕಿಂತ ಮೊದಲ
ಭಟ್ಟಿ ಬಾಯಿಯ ಸಡಿಲ ಇಟ್ಟಂಗಿ, ಆರು,
ಗೋಣಿಯಾಗ ಸುತ್ತಿ ಹೆಗಲಿಗೆ.
ಕಾಯಿಯ ಸುತ್ತ, ಒಂದು ಗೇಣು ಬಿಟ್ಟು, ಇಟ್ಟೆ.
ಬೆಳಗಾಗೂದರೊಳಗ ಆರಿದ ಇಟ್ಟಂಗಿ ತಿರುಗಿ ಗೂಡಿಗೆ.
ಮೂರನೇ ದಿನ ಟೇಪು ಅಲುಗಿತು.
ಅರ್ಧ ಬೆರಳು.

ಆ ತಿಂಗಳೆಲ್ಲ ಪಾವು ಬೆಳ್ಳಗ ಇಳಿದವು,
ಜ್ವರ ಬಂದೆದ್ದವರ ಮುಖದಂಗ.
"ಕ್ಯಾ ಹುವಾ ರೇ?" ಅಂದ ಸೇಠ.
"ಥಂಡಿ, ಸೇಠ್," ಅಂದೆ. ಸುಳ್ಳಲ್ಲ.

ಜನವರಿಯ ಪ್ರದರ್ಶನಕ್ಕ ಕೈಗಾಡಿಯಾಗ,
ಹಳೇ ಟಯರಿನ ಮ್ಯಾಲ ಹುಲ್ಲು, ಹುಲ್ಲಿನ ಮ್ಯಾಲ ಕಾಯಿ.
ನಾನು ಎಳೆದೆ, ನೀಲವ್ವ ಹಿಂದಿನಿಂದ ಹಿಡಕೊಂಡಳು,
ಗುಂಡಿ ಬಂದಲ್ಲೆಲ್ಲ ಕಾಯಿಗೆ "ಹುಷಾರು" ಅಂದಳು.
ಸುಭೇದಾರ ಕೊಂಢಾಳಕರನಿಗೆ ಗಾಜಿನ ಮನಿ ಇತ್ತು,
ಗೋಡೆಗೆ ಥರ್ಮಾಮೀಟರು. ಆತನ ಕಾಯಿ ಎಪ್ಪತ್ನಾಕು ಕಿಲೋ.
ನನ್ನದು ಅರವತ್ತೊಂದೂವರೆ.

ಆಗಲೇ ಕೂಗು ಎದ್ದಿತು.
ಯಾರದೋ ಕಾಯಿಯ ತಳದಾಗ ತೂತು,
ಮೇಣ ಕೆತ್ತಿದರ ಒಳಗಿಂದ ನೀರು ದಬದಬ.
"ಚೋರ್! ಚೋರ್!" ಅಂದರು ಪರೀಕ್ಷಕರು.
ನನ್ನ ಕಾಯಿ ಗಟ್ಟಿ, ನನ್ನ ತೂಕ ಖರೇ,
ಆದರೂ ಕೈ ತಾನಾಗಿ ಹೆಗಲಿಗೆ ಹೋತು,
ಅಂಗಿಯ ಕೆಳಗ ಇಟ್ಟಂಗಿ ಮೂಲೆ ಸುಟ್ಟ ಕಲಿ ಮ್ಯಾಲ.
ಆ ಗಾದಿ ಕಟ್ಟಿದಾತ ನಗ್ತಿದ್ದಾನು, ಎಲ್ಲಿದ್ದರೂ.
ತಿರುಗಿ ನೋಡಿದರ
ಹಿಂದ ಬೆಹ್ರಾಮ್ ಸೇಠ, ಟೊಪ್ಪಿಗಿ ಕೈಯಾಗ.

ಮೂರನೇ ಬಹುಮಾನ. ಸ್ಟೀಲಿನ ಬಕೀಟು.
ಕಾಯಿ ಕೊಯ್ದರ ರುಚಿ ಇಲ್ಲ, ಬರೇ ನೀರು ನೀರು,
ಗವಳಿಯ ಎಮ್ಮಿ ಮೂಸಿ ಮಾರಿ ತಿರುವಿತು.
ಬೀಜ ಕೈತುಂಬ, ಒತ್ತಿದರ ಎಲ್ಲ ಪೊಳ್ಳು,
ಗಟ್ಟಿ ಹನ್ನೊಂದು.

ಅವನ್ನ ಭಟ್ಟಿ ಮ್ಯಾಲ ಒಣಗಲಿಕ್ಕೆ ಹಾಕಿದ್ದೆ.
ಸೇಠ ಬಂದ. ಬೀಜ ನೋಡಿದ.
ಬಗ್ಗಿ, ಭಟ್ಟಿಯ ಬಾಯಿಗೆ ಕೋಲು ತಟ್ಟಿ
ಮಣ್ಣು ಹತ್ತಿದ ಇಟ್ಟಂಗಿ ಎಣಿಸಿದ, ಆರು.
ಬಾಗಿಲ ತನಕ ಹೋಗಿ ನಿಂತು ಅಂದ:
"ಬರೂ ವರ್ಷ ಎರಡನೇ ಘಾಣ ಇಳಿದ ಮ್ಯಾಲ ಒಯ್ಯಿ.
ಗಿರಾಕಿ ಬೈತಾರ."