ಎಡಗೈ ಬಾಗಿಲು

ನೆಬ್ರಾಸ್ಕದ ಓಸ್ಲರ್‌ನಲ್ಲಿ ಮೊದಲನೆಯದು
ಅಂಗಡಿಯೇ ಅಲ್ಲ, ಮೊಟ್ಟೆ ಎಣಿಸುವ ಶೆಡ್ಡು.
ಅಪ್ಪ ತೀರಿಕೊಂಡ ವರ್ಷ ಆರ್ಲೀನ್ ವೊಂಡ್ರ
ಟ್ರೇಗಳನ್ನೆಲ್ಲ ಹಂದಿಗೂಡಿನ ಹಿಂದೆ ಪೇರಿಸಿ
ಹಾಲು, ಬ್ರೆಡ್ಡು, ಸಿಗರೇಟು, ಗಾಳಕ್ಕೆ ಎರೆಹುಳ
ಒಂದೇ ಗೋಡೆಗೆ ಹೊಂದಿಸಿದಳು.
ಮುಂದೊಂದು ಪೆಟ್ರೋಲ್ ಪಂಪು,
ಅದೂ ಸಾಲದ್ದು.

ಬಾಗಿಲು ಕೂರಿಸಿದ್ದು ಎಮಿಲ್ ಕುಚೇರ. ಎಡಚ.
ತನ್ನ ಕೈಗೆ ಒಗ್ಗುವಂತೆ ಹಿಡಿಕೆ ಎಡಕ್ಕೆ, ಕೀಲು ಬಲಕ್ಕೆ.
ವಾಯವ್ಯದ ಗಾಳಿ ಗಿರಾಕಿಗಿಂತ ಮೊದಲೇ ಒಳಗೆ ನುಗ್ಗಿ
ರಸೀತಿಗಳನ್ನೆಲ್ಲ ಹಾರಿಸುತ್ತಿತ್ತು.
"ಎಡವಟ್ಟು ಮಾಡಿದೆಯಲ್ಲ ಎಮಿಲ್."
"ನಾಳೆ ಬಂದು ತಿರುಗಿಸ್ತೀನಿ."
ನಾಳೆ ಮುಸುಕಿನ ಜೋಳದ ಕೊಯ್ಲು. ಆಚೆ ನಾಳೆ ಹಿಮ.
ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಹಾಗಾಯಿತು.
ಮೂರನೆಯ ನಾಳೆಗೆ ಊರಿಗೆಲ್ಲ ರೂಢಿ.

ಎರಡನೆಯದಕ್ಕೆ ಬ್ಯಾಂಕು ನಕ್ಷೆ ಕೇಳಿತು.
ಟೇಪು ಹಿಡಿದು ಬಂದ ಹುಡುಗ
ಶೆಡ್ಡನ್ನು ಅಳೆದ, ಇದ್ದದ್ದು ಇದ್ದ ಹಾಗೆ ಬರೆದ:
ಫ್ರಿಜ್ಜು ಇಲ್ಲಿ, ಗಲ್ಲಾ ಇಲ್ಲಿ.
ಗೋಡೆಯ ಸೊಟ್ಟ ಮಾತ್ರ ನೆಟ್ಟಗೆ ಮಾಡಿದ.
ಬಾಗಿಲಿನದು ಅವನಿಗೆ ಹೇಳಿದವರಿಲ್ಲ.

ಡ್ರೈ ಫೋರ್ಕ್, ಮಾರ್ಲೋ, ಸೇಂಟ್ ಬ್ರೈಸ್,
ಆಮೇಲೆ ನದಿ ದಾಟಿ, ಆಮೇಲೆ ರಾಜ್ಯ ದಾಟಿ.
ನಾನು ಬ್ರೆಡ್ ಲಾರಿಯವನು. ಲೆಕ್ಕ ನನ್ನ ಬೆನ್ನಿಗೆ ಗೊತ್ತು.
ಮೊದಲು ಬೆಳಗಿನ ಜಾವ ಒಂದು ನಿಲುಗಡೆ,
ಹತ್ತು ವರ್ಷಕ್ಕೆ ಒಂಬತ್ತು,
ಈಗ ಇಪ್ಪತ್ತೆರಡು, ಉಳಿದದ್ದಕ್ಕೆ ಇನ್ನಿಬ್ಬರು ಡ್ರೈವರು.
ಶಾಲೆ ಮುಚ್ಚಿದ ಊರಲ್ಲಿ ವೊಂಡ್ರಾಸ್ ತೆರೆಯಿತು.
ಅಂಚೆ ಕಚೇರಿ ಅರ್ಧ ದಿನಕ್ಕಿಳಿದ ಊರಲ್ಲಿ
ವೊಂಡ್ರಾಸ್ ಇಪ್ಪತ್ತನಾಲ್ಕು ಗಂಟೆ.
ಪಾದ್ರಿ ತಿಂಗಳಿಗೊಮ್ಮೆ ಬರುವಲ್ಲಿ
ಕಾಫಿ ಗಂಟೆಗೊಮ್ಮೆ ಹೊಸದು.
ಹೆಣ ಮಣ್ಣು ಮಾಡಿ ಬಂದವರು ಕರಿ ಕೋಟಿನಲ್ಲೇ
ನಿಂತು ಪಿಜ್ಜಾ ತಿನ್ನುವುದನ್ನು ನೋಡಿದ್ದೇನೆ.
ಬೇರೆಲ್ಲಿ ತಿನ್ನಬೇಕು?

ಡ್ರೈ ಫೋರ್ಕಿನ ದಿನಸಿ ಅಂಗಡಿ ಗಸ್ ಲೈನ್‌ವೆಬರ್‌ನದು.
ಅವನಿಗೆ ಹಾಕುತ್ತಿದ್ದದ್ದು ನಲವತ್ತು ಬ್ರೆಡ್ಡು,
ಆಮೇಲೆ ಹನ್ನೆರಡು, ಆಮೇಲೆ ಎರಡು,
ಕೊನೆಗೆ ಒಂದು. ಅದು ಅವನ ಊಟಕ್ಕೆ.
ಅಂಗಡಿ ಮುಚ್ಚಿದ ಮೇಲೆ ಅವನೂ ಕಾಫಿಗೆ ಬಂದ.
ಬಂದ, ಆದರೆ ಆ ಹಿಡಿಕೆ ಮುಟ್ಟುತ್ತಿರಲಿಲ್ಲ.
ಯಾರಾದರೂ ಹೊರಗೆ ಬರುವತನಕ ಚಳಿಯಲ್ಲಿ ನಿಂತಿದ್ದು
ಬಾಗಿಲು ಮುಚ್ಚುವ ಮುನ್ನ
ಪಕ್ಕಕ್ಕೆ ತಿರುಗಿ ನುಸುಳುತ್ತಿದ್ದ.
ಇದನ್ನು ಆರ್ಲೀನ್‌ಗೆ ನಾನು ಹೇಳಲಿಲ್ಲ.
ಅವಳು ಕೇಳಲೂ ಇಲ್ಲ.

ಹೋದ ವರ್ಷ ಒಮಾಹಾದಿಂದ ಹೊಸ ಮ್ಯಾನೇಜರು ಬಂದಳು.
ಅರವತ್ತಮೂರು ಅಂಗಡಿ, ಅರವತ್ತಮೂರು ಬಾಗಿಲೂ ಉಲ್ಟಾ, ಯಾಕೆ?
ಕಾರಣ ಇರಲೇಬೇಕೆಂದು ಕಡತ ತೆಗೆಸಿದಳು.
ಯಾರೋ ಅಂದರಂತೆ, ಗಿರಾಕಿಯ ಮನಶ್ಶಾಸ್ತ್ರ.
ಇನ್ಯಾರೋ ಅಂದರಂತೆ, ಅಗ್ನಿಶಾಮಕದವರ ನಿಯಮ.
ಮೂಗಿನಲ್ಲಿ ಆಕ್ಸಿಜನ್ ಕೊಳವೆ ಇಟ್ಟುಕೊಂಡೇ ಆರ್ಲೀನ್ ನಕ್ಕಳು,
ಉತ್ತರ ಹೇಳಲಿಲ್ಲ.
ಇಲ್ಲಿನ ಮಕ್ಕಳು ಪಟ್ಟಣಕ್ಕೆ ಹೋದರೆ
ಎಲ್ಲ ಬಾಗಿಲನ್ನೂ ತಪ್ಪು ಕಡೆ ಎಳೆದು ನಿಲ್ಲುತ್ತಾರೆ.

ನನ್ನ ಎಡ ಭುಜ ಒಂದಿಂಚು ಕೆಳಗಿದೆ.
ಡಾಕ್ಟರು ಕೇಳಿದರೆ ವೊಂಡ್ರಾಸ್ ಅನ್ನುತ್ತೇನೆ.

ಮೊದಲ ಶೆಡ್ಡು ಈಗಿಲ್ಲ. ಹೆದ್ದಾರಿ ಅರ್ಧ ಮೈಲಿ ಸರಿಯಿತು,
ಅಂಗಡಿ ಅದರ ಹಿಂದೆಯೇ ಹೋಯಿತು.
ಮೊನ್ನೆ ಅಲ್ಲಿಗೆ ಎಮಿಲ್ ಬಂದ. ತೊಂಬತ್ತೊಂದು.
ಲಕ್ವ ಹೊಡೆದ ಎಡಗೈ ಜೇಬಿನಲ್ಲಿ.
ಬಲಗೈ ಚಾಚಿ ತಡಕಿದ, ಗಾಜು ಸಿಕ್ಕಿತು, ಕೀಲು ಸಿಕ್ಕಿತು.
"ಯಾವ ಮುಠ್ಠಾಳ ಕೂರಿಸಿದ್ದು ಇದನ್ನ?"
ಮರೆವೋ, ತಮಾಷೆಯೋ, ಮುಖ ನೋಡಿದರೆ ತಿಳಿಯದು.
ನನ್ನ ಎರಡೂ ಕೈಯಲ್ಲಿ ಟ್ರೇ.
ಕಿರುಬೆರಳು ಸಿಕ್ಕಿಸಿ ಎಳೆದೆ, ಭುಜ ಕೊಟ್ಟು ನಿಂತೆ.
ಬ್ರೆಡ್ಡಿನ ವಾಸನೆಯ ಕೆಳಗಿಂದ
ನಿಧಾನಕ್ಕೆ, ಬಲಗಾಲಿಟ್ಟು, ಎಮಿಲ್ ಒಳಗೆ ಹೋದ.