ಹಳೆ ಹಲ್ಲು, ಹೊಸ ಸರಪಳಿ

ಸೀಸದ ಗಣಿ ಮುಚ್ಚಿದ ಊರಲ್ಲಿ
ನನ್ನದೊಂದು ರಿಪೇರಿ ಅಂಗಡಿ.
ಆಲ್ಪ್ಸ್ ಕೆಸರು ಮೆತ್ತಿಕೊಂಡ ಬೆಟ್ಟದ ಸೈಕಲ್ಲುಗಳು
ಕೊಕ್ಕೆಗಳಲ್ಲಿ ತಲೆಕೆಳಗಾಗಿ ತೂಗುತ್ತವೆ,
ಬಾವಲಿಗಳ ಹಾಗೆ.

ಸೋಮವಾರ ಝ್ದೆಂಕಾ ಬಂದಳು.
ಅಂಚೆಯವಳು; ರಜೆ ಸಿಕ್ಕರೆ
ಪೇತ್ಸಾ ಬೆಟ್ಟದ ನೆತ್ತಿಯಿಂದ ಇಳಿಯುವವಳು.
'ಏರಿನಲ್ಲಿ ಕಟಕಟ ಅನ್ನುತ್ತೆ.'
ಕೊಂಡಿಗಳ ನಡುವೆ ಅಳತೆಪಟ್ಟಿ ಇಟ್ಟೆ:
ಬುಳಕ್ಕನೆ ಒಳಗಿಳಿಯಿತು.
ಸರಪಳಿ ಹಿಗ್ಗಿದೆ ಅನ್ನುತ್ತಾರೆ ಎಲ್ಲರೂ.
ಹಿಗ್ಗುವುದಿಲ್ಲ ಕಣಮ್ಮಾ, ಸವೆಯುತ್ತೆ,
ಒಂದೊಂದು ಪಿನ್ನಿನ ಸುತ್ತ ಕೂದಲೆಳೆಯಷ್ಟು.

ಹೊಸದು ಹಾಕಿದೆ. ಮಿರಮಿರ ಎಣ್ಣೆ.
ಹೋದವಳು ಅರ್ಧ ಗಂಟೆಗೇ ಬಂದಳು
ಮೊಣಕಾಲು ತರಚಿಕೊಂಡು:
'ತುಳಿದರೆ ಜಾರುತ್ತೆ, ಹಿಡಿಯೋದೇ ಇಲ್ಲ!'

ಸರಪಳಿಯೊಂದನ್ನೇ ನೋಡಿದ್ದೆ, ನನ್ನ ತಪ್ಪು.
ಹಿಂದಿನ ಗಾಲಿಯ ಹಲ್ಲುಗಳು
ಶಾರ್ಕಿನ ರೆಕ್ಕೆಯಂತೆ ಬಾಗಿವೆ.
ಆರು ವರ್ಷ ಆ ಹಳೆಯ ಸರಪಳಿ
ತನ್ನ ಅಳತೆಗೆ ಅವನ್ನು ಅರೆದಿದೆ,
ಅವೂ ಅದನ್ನು.
ಕಡಲೆ ಬಂದಾಗ ಹಲ್ಲಿಲ್ಲದ ಕಥೆ.

ಹೊಸ ಕ್ಯಾಸೆಟ್ಟಿಗೆ ನೂರಿಪ್ಪತ್ತು ಯೂರೋ.
ಅವಳು ಲೆಕ್ಕ ಹಾಕುತ್ತ ಕಿಟಕಿಯಾಚೆ ನೋಡಿದಳು.
ಕಸದ ಡಬ್ಬದಿಂದ ಹಳೆಯದನ್ನೇ ಎತ್ತಿದೆ,
ಸೀಮೆಎಣ್ಣೆಯಲ್ಲಿ ತೊಳೆದೆ, ಏರಿಸಿದೆ.
ಸದ್ದು ಮಾಡುತ್ತೆ; ಹಿಡಿಯುತ್ತೆ.
ಹಿಮ ಬೀಳುವ ತನಕ ತುಳಿ,
ವಸಂತಕ್ಕೆ ಎರಡನ್ನೂ ಒಟ್ಟಿಗೇ ಬದಲಿಸೋಣ.

ಬ್ರೇಕಿನ ಪ್ಯಾಡು ಮಾತ್ರ
ಕೇಳದೆಯೇ ಹೊಸದು ಹಾಕಿದೆ.
ಬಿಲ್ಲಿನಲ್ಲಿ ಬರೆದೆ: ಹದಿನೆಂಟು ಯೂರೋ.
ಇದರಲ್ಲಿ ದಾಕ್ಷಿಣ್ಯವಿಲ್ಲ,
ಪೇತ್ಸಾ ಬಲು ಕಡಿದು.